ಆಟಿಸಂಗೆ ಅಕ್ಯುಪಂಕ್ಚರ್: ಮಗನಿಗೆ ಸೂಜಿ ಹಾಕಿಸಬೇಕಾ, ಬೇಡವಾ?

ಬನಶಂಕರಿ_ಅಮ್ಮ
ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ಈಗ ನಾಲ್ಕೂವರೆ ವರ್ಷ. ಮೂರು ತುಂಬುವ ಹೊತ್ತಿಗೆ ಆಟಿಸಂ ಅಂತ ಗೊತ್ತಾಯಿತು. ವಾರಕ್ಕೆ ಮೂರು ದಿನ ಸ್ಪೀಚ್ ಥೆರಪಿ, ಎರಡು ದಿನ ಆಕ್ಯುಪೇಷನಲ್ ಥೆರಪಿ. ಹತ್ತು ಹನ್ನೆರಡು ಪದ ಬಂದಿದೆ. "ನೀರು" ಅನ್ನುತ್ತಾನೆ, "ಆಟೋ" ಅನ್ನುತ್ತಾನೆ. "ಅಮ್ಮ" ಇನ್ನೂ ಬಂದಿಲ್ಲ, ಇರಲಿ ಬಿಡಿ. ದೊಡ್ಡ ಕಷ್ಟ ಅಂದರೆ ನಿದ್ದೆ. ರಾತ್ರಿ ಎರಡಕ್ಕೆ ಎದ್ದರೆ ಐದರವರೆಗೂ ಹಾಲ್‌ನಲ್ಲಿ ಓಡುತ್ತಾನೆ. ಕೆಳಗಿನ ಮನೆಯವರು ಎರಡು ಸಲ ಬಂದು ಬಾಗಿಲು ತಟ್ಟಿದ್ದಾರೆ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಅತ್ತೆಯ ಮಂಡಿನೋವು ಅಕ್ಯುಪಂಕ್ಚರ್ ಮಾಡಿಸಿದ ಮೇಲೆ ಕಡಿಮೆ ಆಗಿದೆ. ಮೊಮ್ಮಗನಿಗೂ ಮಾಡೋಣ, ನೆತ್ತಿಗೆ ಸೂಜಿ ಹಾಕಿದರೆ ಮಾತು ಬರುತ್ತೆ, ನಿದ್ದೆಯೂ ಸರಿಹೋಗುತ್ತೆ ಅಂತ ಅಲ್ಲಿನವರು ಹೇಳಿದ್ದಾರಂತೆ. 24 ಸಿಟಿಂಗ್, ಒಂದಕ್ಕೆ 900 ರೂಪಾಯಿ. ಪೂರ್ತಿ ಮುಂಗಡ ಕಟ್ಟಿದರೆ ಎರಡು ಸಿಟಿಂಗ್ ಫ್ರೀ. ಅತ್ತೆ ತಮ್ಮ ಪೆನ್ಷನ್ ದುಡ್ಡಲ್ಲೇ ಕೊಡುತ್ತೇನೆ ಅನ್ನುತ್ತಾರೆ. ಹಾಗಾಗಿ ಬೇಡ ಅನ್ನೋಕೂ ಬಾಯಿ ಬರುತ್ತಿಲ್ಲ. ಯಾರಾದರೂ ಮಾಡಿಸಿದ್ದೀರಾ? ಬೈಯಬೇಡಿ ಪ್ಲೀಸ್, ಮನೆಯಲ್ಲೇ ಸಾಕಷ್ಟು ಆಗಿದೆ.

ವಿಜಯನಗರ_ಮುದ್ದೆ
ಬೇಡ. 21,600 ರೂಪಾಯಿ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

ಬೆನ್ನುನೋವಿನ_ಭೀಮ
ಒಂದೇ ಸಾಲಲ್ಲಿ ಬೇಡ ಅಂದುಬಿಟ್ಟರೆ ಹೇಗೆ ಸರ್? ನನಗೆ ಎಂಟು ವರ್ಷದ ಬೆನ್ನುನೋವು. ಕಂಪ್ಯೂಟರ್ ಕೆಲಸ, ಮೇಲೆ ದಿನಾ ಸಿಲ್ಕ್ ಬೋರ್ಡ್ ದಾಟಬೇಕು. ಆರು ಸಿಟಿಂಗ್‌ಗೆ ಅರ್ಧ ಕಡಿಮೆ ಆಯಿತು. ಸಾವಿರಾರು ವರ್ಷದಿಂದ ಚೀನಾದಲ್ಲಿ ನಡೆದು ಬಂದಿರೋದು. ಸುಮ್ನೆ ಇಷ್ಟು ದಿನ ಉಳಿಯುತ್ತಾ?

ವಿಜಯನಗರ_ಮುದ್ದೆ
ಹಳೆಯದಾದರೆ ಸರಿ ಅನ್ನುವುದಾದರೆ ನಮ್ಮಲ್ಲಿ ಕಾಮಾಲೆಗೆ ಬರೆ ಹಾಕುವುದೂ ಹಳೆಯದೇ. ಆಮೇಲೆ ನಿಮ್ಮದು ಬೆನ್ನು, ಇದು ಮಗು. ಆಟಿಸಂ ನೋವಲ್ಲ, ಕಾಯಿಲೆಯ ಹಾಗೆ ಬಂದು ಹೋಗುವಂಥದ್ದೂ ಅಲ್ಲ.

ಇಬ್ಬರು_ಮಕ್ಕಳ_ಅಪ್ಪ
ನಾವು ಮಾಡಿಸಿದ್ದೇವೆ. ಮಗಳಿಗೆ ಐದು ವರ್ಷ ಇದ್ದಾಗ, 14 ಸಿಟಿಂಗ್. ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ, ಜಗಳ ಆಡಬೇಡಿ.

ಸೂಜಿ ಕೂದಲೆಳೆಯಷ್ಟು ಸಣ್ಣದು. ಇಂಜೆಕ್ಷನ್ ಸೂಜಿ ಥರ ಅಲ್ಲ. ನೆತ್ತಿಯಲ್ಲಿ ಒಂದು, ಸುತ್ತ ನಾಲ್ಕು, ಕೈಯಲ್ಲಿ ಎರಡು. ಹಾಕುವುದು ಎರಡು ನಿಮಿಷ, ಬಿಡುವುದು 20 ನಿಮಿಷ. ಆ 20 ನಿಮಿಷ ಅವಳನ್ನು ಅಲ್ಲಾಡದ ಹಾಗೆ ಕೂರಿಸುವುದೇ ನಮ್ಮ ಯುದ್ಧ. ಮೊದಲ ಮೂರು ಸಲ ನಾನು ಕಾಲು ಹಿಡಿದೆ, ಹೆಂಡತಿ ಕೈ ಹಿಡಿದಳು, ಮಗಳು ಊರೆಲ್ಲ ಕೇಳುವ ಹಾಗೆ ಅತ್ತಳು. ಆಮೇಲೆ ಫೋನ್‌ನಲ್ಲಿ ರೈಲಿನ ವಿಡಿಯೋ ಹಾಕಿ ಕೂರಿಸುತ್ತಿದ್ದೆವು.

ಎರಡು ತಿಂಗಳಲ್ಲಿ ಮಾತು ಜಾಸ್ತಿ ಆಯಿತು, ನಿಜ. ಎರಡು ಪದ ಸೇರಿಸಿ ಹೇಳತೊಡಗಿದಳು. ಎಲ್ಲರಿಗೂ ಫೋನ್ ಮಾಡಿ ಹೇಳಿದ್ದೇ ಹೇಳಿದ್ದು. ಆದರೆ ಅದೇ ಜೂನ್‌ನಲ್ಲಿ ಶಾಲೆಗೆ ಸೇರಿಸಿದ್ದೆವು. ಸ್ಪೀಚ್ ಟೀಚರ್ ಬದಲಾಗಿದ್ದರು. ಊರಿಂದ ನಮ್ಮಮ್ಮ ಬಂದು ದಿನಾ ಅವಳ ಜೊತೆ ಮಾತಾಡುತ್ತಿದ್ದರು. ಯಾವುದರಿಂದ ಬಂತು ಅಂತ ಇವತ್ತಿಗೂ ನನಗೆ ಹೇಳಲು ಆಗುವುದಿಲ್ಲ. 14ಕ್ಕೆ ನಿಲ್ಲಿಸಿದೆವು. ನಿಲ್ಲಿಸಿದ ಮೇಲೂ ಮಾತು ಬೆಳೆಯುತ್ತಲೇ ಹೋಯಿತು.

ಬನಶಂಕರಿ_ಅಮ್ಮ
ಅಯ್ಯೋ, ಕೈಕಾಲು ಹಿಡಿಯಬೇಕಾ? ನನ್ನ ಮಗ ಕಟಿಂಗ್ ಶಾಪ್ ಬಾಗಿಲಲ್ಲೇ ಮಲಗಿಬಿಡುತ್ತಾನೆ. ಅವನು ನಿದ್ದೆ ಮಾಡಿದಾಗ ನಾನೇ ಕತ್ತರಿ ಆಡಿಸೋದು. ತಲೆ ಮುಟ್ಟಲು ಬಿಡುವುದೇ ಇಲ್ಲ.

ಓದುವ_ಹುಳು
ಸಂಶೋಧನೆ ಏನು ಹೇಳುತ್ತೆ ಅಂತ ಬರೆಯುತ್ತೇನೆ. ಉದ್ದ ಆಗುತ್ತೆ, ತಾಳ್ಮೆ ಇರಲಿ.

ಕಾಕ್ರೇನ್ ಅಂತ ಒಂದು ಸಂಸ್ಥೆ ಇದೆ. ಒಂದು ಚಿಕಿತ್ಸೆಯ ಬಗ್ಗೆ ಎಲ್ಲೆಲ್ಲಿ ಪ್ರಯೋಗ ನಡೆದಿದೆಯೋ ಅವನ್ನೆಲ್ಲ ಒಟ್ಟು ಮಾಡಿ ಜರಡಿ ಹಿಡಿಯುವುದು ಅವರ ಕೆಲಸ. ಆಟಿಸಂ ಮತ್ತು ಅಕ್ಯುಪಂಕ್ಚರ್ ಬಗ್ಗೆ 2011ರಲ್ಲಿ ಅವರ ವರದಿ ಬಂತು. ಲೆಕ್ಕಕ್ಕೆ ಸಿಕ್ಕಿದ್ದು 10 ಪ್ರಯೋಗ, ಎಲ್ಲ ಸೇರಿ 390 ಮಕ್ಕಳು. ಹೆಚ್ಚಿನವು ಚೀನಾ, ಹಾಂಗ್‌ಕಾಂಗ್‌ನವು. ಆಟಿಸಂನ ಮೂಲ ಲಕ್ಷಣಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಭಾಷೆ, ಕಲಿಕೆ ಇಂಥ ಕೆಲವು ಅಳತೆಗಳಲ್ಲಿ ಸ್ವಲ್ಪ ಮೇಲಾದ ಹಾಗೆ ಕಂಡಿತು. ಆದರೆ ಪ್ರಯೋಗಗಳು ಚಿಕ್ಕವು, ನಡೆಸಿದ ರೀತಿಯೂ ಸಡಿಲ. ಇದನ್ನು ನಂಬಿ ಆಟಿಸಂಗೆ ಅಕ್ಯುಪಂಕ್ಚರ್ ಮಾಡಿಸಿ ಅನ್ನಲು ಆಗುವುದಿಲ್ಲ ಅಂತ ಮುಗಿಸಿದ್ದಾರೆ. ಆಮೇಲೆ ಬಂದ ವಿಮರ್ಶೆಗಳಲ್ಲಿ ಫಲಿತಾಂಶ ಇದಕ್ಕಿಂತ ಚೆನ್ನಾಗಿ ಕಂಡಿದ್ದೂ ಇದೆ. ಅಲ್ಲೂ ಗುಣಮಟ್ಟದ ದೂರು ಹಾಗೇ ಇದೆ.

ಸಡಿಲ ಅಂದರೆ ಏನು? ಒಂದು ಗುಂಪಿಗೆ ಥೆರಪಿ ಜೊತೆ ಸೂಜಿ, ಇನ್ನೊಂದಕ್ಕೆ ಬರೀ ಥೆರಪಿ. ಯಾರಿಗೆ ಸೂಜಿ ಬಿದ್ದಿದೆ ಅಂತ ಅಪ್ಪ ಅಮ್ಮನಿಗೆ ಗೊತ್ತು. ಮಗು ಸುಧಾರಿಸಿತಾ ಅಂತ ಕೇಳುವುದೂ ಅವರನ್ನೇ. ಬೇಡ ಅಂದರೂ ಮನಸ್ಸು ಹೂಂ ಅನ್ನುತ್ತೆ, ಅಲ್ವಾ?

ಬನಶಂಕರಿ ಅಕ್ಕ, ನಿಮಗೆ ಬೇಕಾದ ಸಾಲು ಇದು. ಅಡ್ಡ ಪರಿಣಾಮಗಳ ಪಟ್ಟಿಯಲ್ಲಿ ಭಯದ ಅಳು, ರಕ್ತ ಬರುವುದು, ಚಡಪಡಿಕೆ ಹೆಚ್ಚಾಗುವುದು ಇವೆ. ಜೊತೆಗೆ ನಿದ್ದೆ ಕೆಡುವುದೂ ಇದೆ.

ಬನಶಂಕರಿ_ಅಮ್ಮ
ನಿದ್ದೆ ಸರಿಯಾಗಲಿ ಅಂತ ಹೋದರೆ ನಿದ್ದೆ ಕೆಡುತ್ತಾ!

ಬೆನ್ನುನೋವಿನ_ಭೀಮ
ಚೀನಾದವರು ಮಾಡಿದರೆ ಸಡಿಲ, ಅಮೆರಿಕದವರು ಮಾಡಿದರೆ ಗಟ್ಟಿ. ಈ ಧೋರಣೆ ನನಗೆ ಹಿಡಿಸುವುದಿಲ್ಲ.

ಓದುವ_ಹುಳು
ದೇಶದ ಮಾತು ಅಲ್ಲ ಸರ್. ಹಾಂಗ್‌ಕಾಂಗ್‌ನಲ್ಲೇ ಹುಸಿ ಸೂಜಿ ಇಟ್ಟುಕೊಂಡು ಪ್ರಯೋಗ ಮಾಡಿದ್ದಾರೆ. ಒಂದು ಗುಂಪಿಗೆ ನಿಜವಾದ ಬಿಂದುವಿನಲ್ಲಿ ಸೂಜಿ, ಇನ್ನೊಂದಕ್ಕೆ ಹೆಸರಿಗೆ ಮಾತ್ರ. ಮಾಡುವ ಸರಿಯಾದ ದಾರಿ ಅದೇ. ಹೀಗೆ ಹೋಲಿಸಿದಾಗಲೇ ಮೂಲ ಲಕ್ಷಣಗಳಲ್ಲಿ ವ್ಯತ್ಯಾಸ ಸಿಗದೇ ಹೋಗಿದ್ದು.

ಸೂಜಿ_ಮಾಸ್ಟರ್
ನಾನು ಅಕ್ಯುಪಂಕ್ಚರ್ ಮಾಡುವವನು, 11 ವರ್ಷದಿಂದ. ಸುಮ್ಮನೆ ಓದಿಕೊಂಡು ಹೋಗೋಣ ಅಂದುಕೊಂಡಿದ್ದೆ, ಆಗಲಿಲ್ಲ.

ನೆತ್ತಿಯ ಆ ಬಿಂದುವಿಗೆ ಬೈಹುಯಿ ಅಂತ ಹೆಸರು. ಸುತ್ತಲಿನ ನಾಲ್ಕಕ್ಕೆ ಸಿಶೆನ್‌ಕಾಂಗ್. ಮನಸ್ಸು ಶಾಂತ ಆಗಲಿ, ನಿದ್ದೆ ಬರಲಿ ಅಂತ ದೊಡ್ಡವರಿಗೆ ನಾವು ಹಾಕುತ್ತೇವೆ. ಆದರೆ "ಮಾತು ಬರುತ್ತೆ" ಅಂತ ಗ್ಯಾರಂಟಿ ಕೊಡುವುದು ತಪ್ಪು. ಮುಂಗಡ ಪ್ಯಾಕೇಜ್ ಇನ್ನೂ ತಪ್ಪು. ಆರು ವರ್ಷದ ಒಳಗಿನ ಮಕ್ಕಳನ್ನು ನಾನು ತೆಗೆದುಕೊಳ್ಳುವುದಿಲ್ಲ. ಸೂಜಿ ಇರುವಾಗ ಮಗು ತಿರುಗಿದರೆ, ಬಿದ್ದರೆ, ಯಾರು ಹೊಣೆ?

ಹೋಗುವುದೇ ಆದರೆ ಒಂದು ಸಲ ಬಳಸಿ ಬಿಸಾಡುವ ಸೂಜಿಯೇ ಇರಬೇಕು. ಪೊಟ್ಟಣ ನಿಮ್ಮ ಎದುರೇ ಒಡೆಯಬೇಕು. ಎದೆ, ಭುಜದ ಭಾಗಕ್ಕೆ ಮಗುವಿಗೆ ಹಾಕಲು ಬಿಡಲೇಬೇಡಿ, ಶ್ವಾಸಕೋಶಕ್ಕೆ ತಗಲುವ ಅಪಾಯ ಅಪರೂಪಕ್ಕಾದರೂ ಇದೆ. ಸ್ಪೀಚ್ ಥೆರಪಿ ನಿಲ್ಲಿಸಿ ಅಂದರೆ ಎದ್ದು ಬನ್ನಿ.

ವಿಜಯನಗರ_ಮುದ್ದೆ
ಸೂಜಿ ಮಾಸ್ಟರ್, ನಿಮ್ಮ ಮೇಲೆ ಹರಿಹಾಯೋಣ ಅಂತ ತೋಳೇರಿಸಿದ್ದೆ. ನೀವೇ ನಮ್ಮ ಕಡೆ ಬಂದುಬಿಟ್ಟಿರಿ.

ಸೂಜಿ_ಮಾಸ್ಟರ್
ನಿಮ್ಮ ಕಡೆ ಬಂದಿಲ್ಲ ಸರ್. ಮಂಡಿಗೆ, ಬೆನ್ನಿಗೆ, ತಲೆನೋವಿಗೆ ನನ್ನಲ್ಲಿ ದಿನಾ ಜನ ಬರುತ್ತಾರೆ. ಅವರ ಅತ್ತೆಯ ಮಂಡಿ ಕಡಿಮೆಯಾಗಿದ್ದು ಸುಳ್ಳು ಅಂತ ನಾನು ಹೇಳಿಲ್ಲ.

ಹಳೇ_ಅಮ್ಮ
ನನ್ನ ಮಗನಿಗೆ ಈಗ 31. ನಮ್ಮ ಕಾಲದಲ್ಲಿ ಸೂಜಿ ಇರಲಿಲ್ಲ, ಸೀಕ್ರೆಟಿನ್ ಇತ್ತು. ಇಲ್ಲಿರುವ ಹುಡುಗ ಹುಡುಗಿಯರಿಗೆ ಗೊತ್ತಿರಲಿಕ್ಕಿಲ್ಲ, ಹೇಳುತ್ತೇನೆ.

ಅದು ಕರುಳಿನ ಒಂದು ಹಾರ್ಮೋನು. 1998ರ ಸುಮಾರಿಗೆ ಅಮೆರಿಕದಲ್ಲಿ ಯಾವುದೋ ಹೊಟ್ಟೆ ಪರೀಕ್ಷೆಗೆ ಅಂತ ಕೊಟ್ಟರೆ ಆಟಿಸಂ ಮಕ್ಕಳು ಮಾತಾಡಿದರಂತೆ ಅಂತ ಗುಲ್ಲೆದ್ದಿತು. ಅಲ್ಲಿದ್ದ ನನ್ನ ತಮ್ಮ ಫೋನ್ ಮಾಡಿ, ಅಕ್ಕಾ ಹೇಗಾದರೂ ತರಿಸಿಕೊಡುತ್ತೇನೆ ಅಂದ. ನಾನು ಬಳೆ ಅಡ ಇಡಲು ಸಿದ್ಧವಾಗಿದ್ದೆ. ಅಷ್ಟರಲ್ಲಿ 1999ರಲ್ಲಿ ಪ್ರಯೋಗದ ಫಲಿತಾಂಶ ಬಂತು. 60 ಮಕ್ಕಳು. ಅರ್ಧ ಜನಕ್ಕೆ ಸೀಕ್ರೆಟಿನ್, ಅರ್ಧ ಜನಕ್ಕೆ ಬರೀ ಉಪ್ಪುನೀರಿನ ಇಂಜೆಕ್ಷನ್. ಎರಡೂ ಗುಂಪಿನ ಮಕ್ಕಳು ಸುಧಾರಿಸಿದ್ದರು, ಹೆಚ್ಚು ಕಡಿಮೆ ಒಂದೇ ಪ್ರಮಾಣದಲ್ಲಿ!

ಇದಕ್ಕಿಂತ ವಿಚಿತ್ರ ಮುಂದಿದೆ. ಔಷಧಿಯಲ್ಲಿ ಏನೂ ಇಲ್ಲ ಅಂತ ಅಪ್ಪ ಅಮ್ಮಂದಿರಿಗೆ ತಿಳಿಸಿದ ಮೇಲೂ ಅರ್ಧಕ್ಕಿಂತ ಹೆಚ್ಚು ಜನ ನಮಗೆ ಬೇಕು ಅಂದರು. ನಾನು ಅಲ್ಲಿದ್ದರೆ ನಾನೂ ಬೇಕು ಅನ್ನುತ್ತಿದ್ದೆ. ಹಾಗಾಗಿ ನಿಮ್ಮ ಅತ್ತೆಯನ್ನು ನೋಡಿ ನನಗೆ ಸಿಟ್ಟು ಬರುವುದಿಲ್ಲ ಮಗಾ.

ಸ್ಪೀಚ್_ಟೀಚರ್
ಹಳೇ ಅಮ್ಮ ಹೇಳಿದ್ದು ನಾವು ಓದುವಾಗ ಪಾಠದಲ್ಲೇ ಇತ್ತು. ಮಕ್ಕಳು ನಿಂತಲ್ಲೇ ನಿಂತಿರುವುದಿಲ್ಲ. ನಾಲ್ಕರಿಂದ ಐದಕ್ಕೆ ಬರುವಾಗ ಏನು ಮಾಡಿದರೂ, ಮಾಡದಿದ್ದರೂ, ಸ್ವಲ್ಪ ಬೆಳೆಯುತ್ತಾರೆ. ಜೊತೆಗೆ ಅಪ್ಪ ಅಮ್ಮ ಹೊಸ ಚಿಕಿತ್ಸೆಗೆ ಓಡುವುದು ಪರಿಸ್ಥಿತಿ ತೀರಾ ಕೆಟ್ಟಾಗ. ತೀರಾ ಕೆಟ್ಟದ್ದು ಆಮೇಲೆ ತಾನಾಗಿಯೇ ಸ್ವಲ್ಪ ಇಳಿಯುತ್ತೆ. ಹೆಸರು ಚಿಕಿತ್ಸೆಗೆ.

ಬನಶಂಕರಿ ಮೇಡಂ, ಮಗುವಿನ ಕಿವಿ ಪರೀಕ್ಷೆ ಆಗಿದೆಯಾ? ನಿದ್ದೆಯ ವಿಷಯ ಮಕ್ಕಳ ಡಾಕ್ಟರ್‌ಗೆ ಬಿಡಿಸಿ ಹೇಳಿದ್ದೀರಾ? ಮಲಬದ್ಧತೆ, ಕಬ್ಬಿಣದ ಕೊರತೆ, ಹಲ್ಲುನೋವು, ಇವು ಮಾತು ಬಾರದ ಮಗುವಿನಲ್ಲಿ ರಾತ್ರಿ ಓಡಾಟವಾಗಿ ಕಾಣಬಹುದು. ಬೇಕಾದರೆ ಅವರೇ ನಿದ್ದೆಗೆ ಕೊಡುವ ಮೆಲಟೊನಿನ್ ಬಗ್ಗೆ ಹೇಳುತ್ತಾರೆ, ನೀವಾಗಿ ಅಂಗಡಿಯಿಂದ ತರಬೇಡಿ. ಇನ್ನೊಂದು, ಮಾತು ಬರುವವರೆಗೆ, ಬೇಕಾದ್ದನ್ನು ತೋರಿಸಿ ಕೇಳಲು ಚಿತ್ರದ ಕಾರ್ಡು ಕೊಡಲು ಹೆದರಬೇಡಿ. ಕಾರ್ಡು ಕೊಟ್ಟರೆ ಮಾತು ನಿಂತುಹೋಗುತ್ತೆ ಅನ್ನುವುದು ಸುಳ್ಳು.

ಗಾಂಧಿಬಜಾರ್_ಅಜ್ಜಿ
ನಾಲಗೆಗೆ ಬಜೆ ತೇದು ಹಚ್ಚಿದ್ದೀರಾ? ನಮ್ಮನೇಲಿ ಎಲ್ಲರಿಗೂ ಹಚ್ಚಿದ್ದು. ನಮ್ಮ ಯಜಮಾನರು ಐದು ವರ್ಷಕ್ಕೆ ಮಾತಾಡಿದ್ದು, ಆಮೇಲೆ ನಿಲ್ಲಿಸಲೇ ಇಲ್ಲ.

ಬನಶಂಕರಿ_ಅಮ್ಮ
ಹಚ್ಚಿದ್ದಾರೆ ಅಜ್ಜಿ, ಅತ್ತೆ. ಅವನು ಬೆರಳು ಕಚ್ಚಿದ. 😅

ಹೆಸರಘಟ್ಟ_ಹೈದ
ಇದೆಲ್ಲ ಬಿಡಿ. ಗೋಧಿ, ಹಾಲು ಎರಡೂ ಬಿಡಿಸಿ ನೋಡಿ. ನಮ್ಮ ಪರಿಚಯದವರ ಮಗು ಮೂರು ವಾರದಲ್ಲಿ ಬದಲಾಯಿತು.

ವಿಜಯನಗರ_ಮುದ್ದೆ
ಗೋಧಿ ಬಿಡುವುದು ನಮಗೆ ದೊಡ್ಡದಲ್ಲ, ಗೋಧಿಯಲ್ಲಿರುವ ಗ್ಲುಟೆನ್ ಅನ್ನುವ ಪ್ರೋಟೀನು ರಾಗಿಯಲ್ಲಿ ಇಲ್ಲವೇ ಇಲ್ಲ. ಮುದ್ದೆ ತಿಂದವರಿಗೆಲ್ಲ ಆಟಿಸಂ ಬರಬಾರದಿತ್ತು ಹಾಗಾದರೆ.

ಇಬ್ಬರು_ಮಕ್ಕಳ_ಅಪ್ಪ
ನನ್ನ ಮಗಳು ತಿನ್ನುವುದೇ ಮೂರು ಐಟಂ. ಮೊಸರನ್ನ, ಗುಡ್‌ಡೇ ಬಿಸ್ಕತ್, ಇಡ್ಲಿ. ಅದರಲ್ಲಿ ಎರಡನ್ನು ಕಿತ್ತುಕೊಂಡರೆ ಉಳಿಯುವುದು ಇಡ್ಲಿ ಒಂದೇ. ಅದೂ ಒಂದೇ ಹೋಟೆಲ್‌ದು ಆಗಬೇಕು. ಚಟ್ನಿ ತಾಗಿರಬಾರದು.

ಗಾಂಧಿಬಜಾರ್_ಅಜ್ಜಿ
ಯಾವ ಹೋಟೆಲ್?

ಸ್ಪೀಚ್_ಟೀಚರ್
ಅಜ್ಜಿ 😂 ದಾರಿ ತಪ್ಪಿಸಬೇಡಿ. ಡಯಟ್ ಬಗ್ಗೆಯೂ ಗಟ್ಟಿ ಪುರಾವೆ ಇಲ್ಲ. ಮೊದಲೇ ಕಡಿಮೆ ತಿನ್ನುವ ಮಗುವಿಗೆ ಕ್ಯಾಲ್ಸಿಯಂ ಕಡಿಮೆಯಾಗುತ್ತೆ.

ಓದುವ_ಹುಳು
ಸ್ಟೆಮ್ ಸೆಲ್ (ಕಾಂಡಕೋಶ) ಚಿಕಿತ್ಸೆ ಬಗ್ಗೆ ಯಾರೂ ಎತ್ತಿಲ್ಲ, ನಾನೇ ಎತ್ತುತ್ತೇನೆ. ಸೂಜಿಗೆ 21,000 ಹೋದರೆ ಅಲ್ಲಿ ಲಕ್ಷಗಳು ಹೋಗುತ್ತವೆ. ಆಟಿಸಂಗೆ ಅದನ್ನು ಚಿಕಿತ್ಸೆಯಾಗಿ ಕೊಡಬಾರದು ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗವೇ 2022ರಲ್ಲಿ ಹೇಳಿದೆ. ಆದರೂ ವಾಟ್ಸಾಪ್ ಗ್ರೂಪಲ್ಲಿ ವಾರಕ್ಕೊಂದು ಜಾಹೀರಾತು.

ಗದ್ದಲ_ಬೇಡ
ನಾನು ಆಟಿಸಂ ಇರುವವನು. ವಯಸ್ಸು 29. ಗೊತ್ತಾಗಿದ್ದು 24ಕ್ಕೆ, ನಿಮ್ಹಾನ್ಸ್‌ನಲ್ಲಿ. ಇಲ್ಲಿ ಎಲ್ಲರೂ ದುಡ್ಡು, ಪುರಾವೆ ಮಾತಾಡುತ್ತಿದ್ದೀರಿ, ಸರಿ. ಸೂಜಿ ಬೀಳುವುದು ಯಾರ ತಲೆಗೆ?

ಚಿಕ್ಕವನಿದ್ದಾಗ ನನ್ನನ್ನೂ ಹಿಡಿದು ಕೂರಿಸಿದ್ದಾರೆ. ಅದು ಸೂಜಿ ಅಲ್ಲ, ಮಂತ್ರ ಹಾಕಿಸಲು ಕರೆದೊಯ್ದಿದ್ದರು. ಇವತ್ತಿಗೂ ಅಗರಬತ್ತಿ ವಾಸನೆ ಬಂದರೆ ನಾನು ರೂಮ್ ಬಿಟ್ಟು ಹೋಗುತ್ತೇನೆ. ಕತ್ತರಿ ಹತ್ತಿರ ಬಂದರೆ ಮಲಗಿಬಿಡುವ ಮಗು "ಬೇಡ" ಅಂತಲೇ ಹೇಳುತ್ತಿದೆ. ಅವನ ಹತ್ತಿರ ಇರುವ ಮಾತು ಸದ್ಯಕ್ಕೆ ಅದು.

ಒಂದು ಪ್ರಶ್ನೆ ಕೇಳಲಾ? ಅವನು ಏಳುವುದು ಯಾವಾಗಲೂ ಎರಡಕ್ಕೇನಾ? ಆ ಹೊತ್ತಿಗೆ ನಿಮ್ಮ ಬಿಲ್ಡಿಂಗ್‌ನಲ್ಲಿ ಏನು ಸದ್ದು? ನನಗೆ ಪಕ್ಕದ ಮನೆ ಫ್ರಿಜ್ ಶುರುವಾದರೆ ಎಚ್ಚರ ಆಗುತ್ತೆ. ನಮ್ಮಮ್ಮನಿಗೆ ಕೇಳಿಸುವುದೇ ಇಲ್ಲ.

ಬನಶಂಕರಿ_ಅಮ್ಮ
ನೀವು ಬರೆದಿದ್ದನ್ನು ಎರಡು ಸಲ ಓದಿದೆ. ಥ್ಯಾಂಕ್ಸ್. ಸದ್ದು... ಗಮನಿಸಿಲ್ಲ. ಎರಡಕ್ಕೆ ನಾನು ಹೆಣದ ಹಾಗೆ ಬಿದ್ದಿರುತ್ತೇನೆ, ಇವನು ಮೇಲೆ ಹತ್ತಿ ತುಳಿದಾಗಲೇ ಗೊತ್ತಾಗೋದು.

ಬೆನ್ನುನೋವಿನ_ಭೀಮ
ಸರಿ, ಸೋತೆ ಅಂತ ಅಲ್ಲ. ಆದರೆ ಒಂದು ಮಾತು. ಅವರ ಅತ್ತೆ ಪ್ರೀತಿಯಿಂದ ಕೊಡುತ್ತಿದ್ದಾರೆ. ಮನೆಯಲ್ಲಿ ಇರುವವರಿಗೆ ಅದರ ಭಾರ ಗೊತ್ತು. ಇಲ್ಲಿ ಕೂತು ಪುರಾವೆ ಇಲ್ಲ ಅನ್ನುವುದು ಸುಲಭ.

ಹಳೇ_ಅಮ್ಮ
ಭೀಮ ಹೇಳಿದ್ದು ನಿಜ. ಅತ್ತೆಗೆ ಇಲ್ಲ ಅನ್ನಬೇಡ ಮಗಾ. ಮೂರು ವಾರ ತಡೆಯಿರಿ ಅನ್ನು. ಆ ಮೂರು ವಾರ ಅಡುಗೆಮನೆ ಕ್ಯಾಲೆಂಡರ್‌ನಲ್ಲಿ ಹಾಲಿನ ಲೆಕ್ಕದ ಪಕ್ಕ ಬರೆದಿಡು. ಎಷ್ಟು ಹೊತ್ತಿಗೆ ಎದ್ದ, ಎಷ್ಟು ಹೊತ್ತಿಗೆ ಮಲಗಿದ, ಹೊಸ ಪದ ಯಾವುದು. ಬರೆಯುವ ಕೆಲಸ ಅತ್ತೆಗೇ ಕೊಡು. ಈಗ ಹೇಗಿದ್ದಾನೆ ಅಂತ ಗೊತ್ತಿಲ್ಲದೆ ಆಮೇಲೆ ಹೇಗಾದ ಅಂತ ಯಾರು ಹೇಳುತ್ತಾರೆ?

ಪೆನ್ಷನ್ ದುಡ್ಡು ಖರ್ಚು ಮಾಡಲೇಬೇಕು ಅಂದರೆ ನಿರಾಮಯ ಮಾಡಿಸಲಿ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ಆರೋಗ್ಯ ವಿಮೆ ಅದು, ಒಂದು ಲಕ್ಷದವರೆಗೆ. ಆಟಿಸಂ ಮಕ್ಕಳಿಗೆ ಸಿಗುತ್ತೆ, ಥೆರಪಿ ಖರ್ಚಿಗೂ ಸ್ವಲ್ಪ ಬರುತ್ತೆ. ಅದಕ್ಕೆ ಅಂಗವಿಕಲತೆ ಪ್ರಮಾಣಪತ್ರ ಬೇಕು. 2016ರ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಆಟಿಸಂ ಇದೆ. ಪ್ರಮಾಣಪತ್ರ ಮಾಡಿಸಿದರೆ ಹಣೆಪಟ್ಟಿ ಬೀಳುತ್ತೆ ಅಂತ ನಾನು ಹತ್ತು ವರ್ಷ ಕೂತೆ, ಆ ಪೆದ್ದುತನ ನೀನು ಮಾಡಬೇಡ.

ಮೈಸೂರು_ಮಲ್ಲಿಗೆ_ಮಾಲೆ
ಮೈಸೂರಿನ ವಾಕ್ ಶ್ರವಣ ಸಂಸ್ಥೆಗೂ ಒಮ್ಮೆ ತೋರಿಸಿ ಅಕ್ಕ. ಮಾನಸಗಂಗೋತ್ರಿಯಲ್ಲಿದೆ. ಬೆಳಿಗ್ಗೆ ರೈಲಿಗೆ ಬಂದರೆ ಆಯಿತು, ಮಗನಿಗೂ ರೈಲು ಸಿಕ್ಕಿತು.

ಇಬ್ಬರು_ಮಕ್ಕಳ_ಅಪ್ಪ
ರೈಲಿನಲ್ಲಿ ಮಾತ್ರ ಕಿಟಕಿ ಸೀಟು ಗ್ಯಾರಂಟಿ ಮಾಡಿಕೊಳ್ಳಿ. ಅನುಭವದ ಮಾತು.

*(24 ದಿನಗಳ ನಂತರ)*

ಬನಶಂಕರಿ_ಅಮ್ಮ
ಎಲ್ಲರಿಗೂ ನಮಸ್ಕಾರ, ಮರೆತಿಲ್ಲ ತಾನೇ? ಹಳೇ ಅಮ್ಮ ಹೇಳಿದ ಹಾಗೆ ಮಾಡಿದೆ. ಅತ್ತೆಯೇ ಬರೆದರು, ಕನ್ನಡಕ ಹಾಕಿಕೊಂಡು, ನಿಮಿಷ ಸಮೇತ.

ಮೊದಲ ವಾರ ಏಳು ರಾತ್ರಿಯಲ್ಲಿ ಆರು ರಾತ್ರಿ ಎದ್ದಿದ್ದಾನೆ. ಎರಡನೇ ವಾರ ಐದು. ಸಮಯ ನೋಡಿದರೆ 2:05, 2:10, 2:05. ಗದ್ದಲ ಬೇಡ ಅವರ ಮಾತು ನೆನಪಾಗಿ ಒಂದು ರಾತ್ರಿ ಅಲಾರಾಂ ಇಟ್ಟು ಎದ್ದು ಕೂತೆ. ಎರಡಕ್ಕೆ ಸರಿಯಾಗಿ ಸಂಪ್ ಮೋಟರ್ ಶುರುವಾಯಿತು. ನಮ್ಮ ಬಿಲ್ಡಿಂಗ್‌ನಲ್ಲಿ ಮೇಲಿನ ಟ್ಯಾಂಕ್ ತುಂಬಿಸಲು ಟೈಮರ್ ಹಾಕಿಟ್ಟಿದ್ದಾರೆ. ಪೈಪ್ ಹೋಗುವುದು ನಮ್ಮ ಬೆಡ್‌ರೂಮ್ ಗೋಡೆಯಲ್ಲೇ. ಕಿವಿ ಇಟ್ಟರೆ ಗೋಡೆಯೇ ಗುಂಯ್ ಅನ್ನುತ್ತೆ. ಐದು ವರ್ಷದಿಂದ ಇದ್ದೇವೆ, ನನಗೆ ಗೊತ್ತೇ ಇರಲಿಲ್ಲ.

ಓನರ್‌ಗೆ ಹೇಳಿದರೆ ಮೊದಲು ನಕ್ಕರು. ಆಮೇಲೆ ಅತ್ತೆ ಹೋಗಿ ಕ್ಯಾಲೆಂಡರ್ ತೋರಿಸಿದರು. ಮೂರನೇ ವಾರದಿಂದ ಟೈಮರ್ ಬೆಳಿಗ್ಗೆ ಆರಕ್ಕೆ. ಆ ವಾರ ಎದ್ದಿದ್ದು ಎರಡೇ ರಾತ್ರಿ. ಜೊತೆಗೆ ಮಲಬದ್ಧತೆಗೆ ಡಾಕ್ಟರ್ ಸಿರಪ್ ಕೊಟ್ಟಿದ್ದಾರೆ, ಅದೂ ಅದೇ ವಾರ ಶುರುವಾಗಿದ್ದು.

ಓದುವ_ಹುಳು
ಒಂದು ವಾರಕ್ಕೆ ಏನೂ ಹೇಳಲು ಆಗುವುದಿಲ್ಲ, ಸಿರಪ್ಪೋ ಮೋಟರೋ ಗೊತ್ತಿಲ್ಲ. ಇನ್ನೂ ಒಂದು ತಿಂಗಳು ಬರೆಯಿರಿ. ಆದರೂ ಖುಷಿ ಆಯಿತು.

ಇಬ್ಬರು_ಮಕ್ಕಳ_ಅಪ್ಪ
ಈ ಮೂರು ವಾರದಲ್ಲಿ ಸೂಜಿ ಹಾಕಿಸಿದ್ದರೆ ಅಂತ ಯೋಚಿಸಿ. ಕೆಲಸ ಮೋಟರ್‌ದು, ಹೆಸರು ನೆತ್ತಿಗೆ. ನಾನೂ 14 ಸಿಟಿಂಗ್‌ನಲ್ಲಿ ಯಾವ ಮೋಟರ್‌ಗೆ ದುಡ್ಡು ಕಟ್ಟಿದೆನೋ.

ಬೆನ್ನುನೋವಿನ_ಭೀಮ
ಅತ್ತೆ ಏನಂದರು?

ಬನಶಂಕರಿ_ಅಮ್ಮ
ಸೂಜಿ ವಿಷಯ ಬಿಟ್ಟಿಲ್ಲ. "ನಿದ್ದೆ ಆಯ್ತಲ್ಲ, ಇನ್ನು ಮಾತಿಗೆ ಹಾಕಿಸೋಣ" ಅಂದರು. ದಸರಾ ಕಳೆಯಲಿ ಅಂದಿದ್ದೇನೆ. ಮುಂಗಡ ಕಟ್ಟಿಲ್ಲ. ಕ್ಯಾಲೆಂಡರ್ ಮಾತ್ರ ಈಗ ಅವರದೇ, ನನ್ನನ್ನು ಮುಟ್ಟಲು ಬಿಡುವುದಿಲ್ಲ. ಮೊನ್ನೆ ಹೊಸ ಪದ ಬರೆದಿದ್ದಾರೆ. "ಅಜ್ಜಿ" ಅಂದನಂತೆ. ನಾನು ಕೇಳಿಸಿಕೊಂಡಿಲ್ಲ, ಸಾಕ್ಷಿ ಅವರೊಬ್ಬರೇ.

ವಿಜಯನಗರ_ಮುದ್ದೆ
ಈ ಪ್ರಯೋಗ ತೀರಾ ಸಡಿಲ, ಕಾಕ್ರೇನ್‌ನವರು ಒಪ್ಪುವುದಿಲ್ಲ. 😄

ಗದ್ದಲ_ಬೇಡ
ಆ ಟೈಮರ್ ಬದಲಾಯಿಸಿದವರ ನಂಬರ್ ನನಗೆ ಕಳಿಸಿ. ನಮ್ಮ ಬಿಲ್ಡಿಂಗ್‌ನಲ್ಲಿ ಮೂರೂವರೆಗೆ.